ಶಿಲುಬೆ ಕಟ್ಟೆಯ ಹಾಡು

ಕಾರವಾರದಿಂದ ಹೊರಟು ಕಾಳಿ ಸೇತುವೆ, ಸದಾಶಿವಗಡ, ಮಾಜಾಳಿ ದಾಟಿ ಪೋಳೆಂ ಗಡಿ ಹೊಕ್ಕರೆ ಕಾಣಕೋಣ ತಾಲ್ಲೂಕು. ಮೇ ತಿಂಗಳ ಸಂಜೆ ಆ ದಾರಿಯಲ್ಲಿ ಹೋದರೆ ಯಾವುದಾದರೊಂದು ತಿರುವಿನಲ್ಲಿ, ಸುಣ್ಣ ಬಳಿದ ಶಿಲುಬೆ ಕಟ್ಟೆಯ ಮುಂದೆ ಜನ ಸೇರಿರುವುದು ಕಾಣುತ್ತದೆ. ಶಿಲುಬೆಗೆ ಅಬ್ಬಲಿಗೆ ಹಾರ, ಕಟ್ಟೆಯ ತುಂಬ ಮೇಣದ ಬತ್ತಿ. ಹಿರಿಯರೊಬ್ಬರು ಪಿಟೀಲನ್ನು ಭುಜಕ್ಕೆ ಆನಿಸಿ ಸ್ವರ ಹಿಡಿಯುತ್ತಾರೆ. ಮೀನು ಹಿಡಿಯುವವರು, ತೆಂಗಿನ ತೋಟದವರು, ಊರಿಗೆ ರಜೆಯಲ್ಲಿ ಬಂದ ಹಡಗಿನ ನೌಕರರು, ಲಂಗದ ತುದಿ ಕಚ್ಚಿಕೊಂಡು ನಿಂತ ಪುಟ್ಟ ಹುಡುಗಿಯರು, ಎಲ್ಲರೂ ಒಟ್ಟಿಗೆ ಹಾಡಲು ಶುರುಮಾಡುತ್ತಾರೆ. ಹಾಡು ಲ್ಯಾಟಿನ್ನಿನದು. ಹಾಡುವವರಲ್ಲಿ ಯಾರಿಗೂ ಲ್ಯಾಟಿನ್ ಬಾರದು.

ಇದಕ್ಕೆ ಅಲ್ಲಿಯವರು ಲದಿನ್ ಎನ್ನುತ್ತಾರೆ, ಪೋರ್ಚುಗೀಸಿನ ಲದಾಯಿನ್ಯ ಸವೆದು ಸವೆದು ಆದ ಮಾತು. ಮೇರಿ ಮಾತೆಯ ಹೆಸರುಗಳನ್ನು ಒಂದರ ಹಿಂದೊಂದು ಹೇಳುತ್ತ, ಪ್ರತಿ ಹೆಸರಿಗೂ ಒಂದೇ ಮೊರೆಯನ್ನು ಎಲ್ಲರೂ ಕೂಡಿ ಸೇರಿಸುವ ಸ್ತುತಿ. ನಮ್ಮ ಅಷ್ಟೋತ್ತರ, ನಾಮಾವಳಿಗಳನ್ನು ಕೇಳಿ ಬೆಳೆದ ಕಿವಿಗೆ ಈ ಕಟ್ಟು ತೀರಾ ಪರಿಚಿತ ಅನಿಸುತ್ತದೆ. ಇಟಲಿಯ ಲೊರೆಟೊ ಕ್ಷೇತ್ರದಲ್ಲಿ ಹಾಡುತ್ತಿದ್ದ ಈ ನಾಮಾವಳಿಗೆ 1587ರಲ್ಲಿ ಪೋಪ್ ಐದನೇ ಸಿಕ್ಸ್ಟಸ್ ಒಪ್ಪಿಗೆಯ ಮುದ್ರೆ ಒತ್ತಿದರು. ಕಾಣಕೋಣದಲ್ಲಿ ಅದನ್ನು ಹಾಡುವಾಗ ಒಂದು ವಿಶೇಷ ನಡೆಯುತ್ತದೆ. ನಾಲ್ಕನೆಯದೋ ಐದನೆಯದೋ ಹೆಸರು ಬರುವಷ್ಟರಲ್ಲಿ ಗುಂಪಿನ ಯಾವುದೋ ಮೂಲೆಯಿಂದ ಎರಡನೇ ದನಿ ಏಳುತ್ತದೆ. ಮೂಲ ಧಾಟಿಗಿಂತ ಮೂರು ಸ್ವರದ ಅಂತರದಲ್ಲಿ, ಅದರ ಮಗ್ಗುಲಲ್ಲೇ ನಡೆದುಬರುವ ದನಿ. ಯಾರೂ ಅದಕ್ಕೆ ಸನ್ನೆ ಮಾಡಿರುವುದಿಲ್ಲ. ಹಾಡು ಮುಗಿದ ಮೇಲೆ ಬೇಯಿಸಿದ ಕಡಲೆ ಹಂಚುತ್ತಾರೆ, ದೊಡ್ಡವರಿಗೆ ಒಂದು ಗುಟುಕು ಫೆನಿ.

ಆ ಎರಡನೇ ದನಿ ಎಲ್ಲಿಂದ ಬಂತೆಂದು ಹುಡುಕುತ್ತ ಹೋದರೆ ನಾಲ್ಕೂವರೆ ಶತಮಾನದ ಕಥೆಯೊಂದು ಬಿಚ್ಚಿಕೊಳ್ಳುತ್ತದೆ. ಇಗರ್ಜಿಯ ಆರಾಧನೆ ಹೇಗೆ ಹೇಗೆ ಬದಲಾಯಿತು ಎನ್ನುವುದು ಅದರ ಮೈ. ಅದರ ಜೀವ ಒಂದು ಪ್ರಶ್ನೆಯಲ್ಲಿದೆ: ದೇವರ ಮುಂದೆ ಹಾಡಬೇಕಾದವರು ಯಾರು?

ಪೋರ್ಚುಗೀಸರು ಗೋವೆ ಹಿಡಿದದ್ದು 1510ರಲ್ಲಿ. ಕಾಣಕೋಣ ಆಗ ಅವರದಲ್ಲ, ಇನ್ನೂ ಇನ್ನೂರೈವತ್ತು ವರ್ಷ ಅವರದಾಗಲಿಲ್ಲ. ಉತ್ತರದ ಸಾಷ್ಟಿ ಸೀಮೆ 1543ರಲ್ಲಿ ಅವರ ಕೈಸೇರಿದಾಗ ಅಲ್ಲಿ ದೇಗುಲಗಳು ಬಿದ್ದವು, ಇಗರ್ಜಿಗಳು ಎದ್ದವು, ಇಗರ್ಜಿಯ ಪಕ್ಕದಲ್ಲೇ ಮಕ್ಕಳಿಗೆ ಶಾಲೆಗಳೂ ಎದ್ದವು. ಆ ಶಾಲೆಗಳಲ್ಲಿ ಜಪ, ಅಕ್ಷರ, ಸಂಗೀತ ಮೂರನ್ನೂ ಕಲಿಸುತ್ತಿದ್ದರು. ಗೋವೆಯ ಸೇಂಟ್ ಪಾಲ್ ಕಾಲೇಜಿನ ಜೆಸ್ವಿಟ್ ಪಾದ್ರಿಗಳು ಹಾಡಿನ ಬಲವನ್ನು ಚೆನ್ನಾಗಿ ಅರಿತವರು. ಹೊಸದಾಗಿ ದೀಕ್ಷೆ ಪಡೆದ ಮನೆಗಳ ಹುಡುಗರು ಬೀದಿಯಲ್ಲಿ ಜಪಗಳನ್ನು ರಾಗವಾಗಿ ಹೇಳುತ್ತ ಮೆರವಣಿಗೆ ಹೋಗುವುದು ದಿನದ ನೋಟವಾಯಿತು.

ಆದರೆ ಆ ಮನೆಗಳ ದೊಡ್ಡವರಿಗೆ ಒಂದು ಕೊರತೆ ಕಾಡುತ್ತಿತ್ತು. ಅವರ ಪುರಾಣಗಳನ್ನು ಕಿತ್ತುಕೊಂಡಿದ್ದರು, ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ. 1579ರಲ್ಲಿ ಗೋವೆಗೆ ಬಂದಿಳಿದ ಇಂಗ್ಲಿಷ್ ಜೆಸ್ವಿಟ್ ಥಾಮಸ್ ಸ್ಟೀಫನ್ಸ್ ತನ್ನ ಕಾವ್ಯದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಹಿಂದೆ ನಮಗೆ ಓದಿ ಹಾಡಲು ಪುರಾಣಗಳಿದ್ದವು, ಈಗ ಏನೂ ಇಲ್ಲವಲ್ಲ ಎಂದು ಒಬ್ಬರು ಕೇಳಿದರಂತೆ. ಅದಕ್ಕೆ ಉತ್ತರವಾಗಿ ಬಂದದ್ದು 1616ರಲ್ಲಿ ಅಚ್ಚಾದ ಕ್ರಿಸ್ತಪುರಾಣ. ಕೊಂಕಣಿಯ ಸೊಗಡಿನ ಮರಾಠಿಯಲ್ಲಿ, ಜ್ಞಾನೇಶ್ವರ, ಏಕನಾಥರು ಬಳಸಿದ ಅದೇ ಓವಿ ಛಂದಸ್ಸಿನಲ್ಲಿ, ಸುಮಾರು 11,000 ಪದ್ಯಗಳು. ಒಬ್ಬ ಪರದೇಶಿ ಈ ನೆಲದ ಉಸಿರಾಟದ ಲೆಕ್ಕವನ್ನು ಇಷ್ಟು ಸೂಕ್ಷ್ಮವಾಗಿ ಹಿಡಿದದ್ದು ನನಗೆ ಇವತ್ತಿಗೂ ಬೆರಗು.

ಅದೇ ಕಾಲಕ್ಕೆ ಘಟ್ಟದ ಮೇಲಿನ ಸೋದೆಯಲ್ಲಿ ಏನಾಗುತ್ತಿತ್ತು ಎಂಬುದನ್ನು ಇದರ ಪಕ್ಕಕ್ಕಿಟ್ಟು ನೋಡಬೇಕು. ವಾದಿರಾಜರು ಕನ್ನಡದಲ್ಲಿ ಕೀರ್ತನೆ ಕಟ್ಟುತ್ತಿದ್ದರು. ಅವರು ಬೃಂದಾವನಸ್ಥರಾದದ್ದು ಪರಂಪರೆಯ ಲೆಕ್ಕದಲ್ಲಿ 1600ರಲ್ಲಿ. ಸ್ಟೀಫನ್ಸ್ ಗೋವೆಗೆ ಬಂದು ಆಗ ಎರಡು ದಶಕವಾಗಿತ್ತು. ಇಬ್ಬರಿಗೂ ಪರಸ್ಪರ ಪರಿಚಯವಿದ್ದಿರಲಾರದು. ಆದರೆ ಸಂಸ್ಕೃತದ, ಲ್ಯಾಟಿನ್ನಿನ ಬೇಲಿಯೊಳಗಿದ್ದ ಭಕ್ತಿಯನ್ನು ಮನೆಮಾತಿನ ಹಾಡಾಗಿ ಕೈಗೆ ಕೊಡಬೇಕೆಂಬ ತುಡಿತ ಘಟ್ಟದ ಮೇಲೂ ಕೆಳಗೂ ಒಂದೇ ಸಮಯಕ್ಕೆ ಇತ್ತು. ನಡುವೆ ಇದ್ದದ್ದು ಕಾಣಕೋಣದ ಕಾಡು.

ಪುರಾಣದ ಸುಗ್ಗಿ ಬಹುಕಾಲ ನಿಲ್ಲಲಿಲ್ಲ. 1684ರಲ್ಲಿ ವೈಸರಾಯ್ ಆಜ್ಞೆಯೊಂದು ಹೊರಟು, ಜನ ಮೂರು ವರ್ಷದಲ್ಲಿ ಪೋರ್ಚುಗೀಸ್ ಕಲಿತು ತಮ್ಮ ನುಡಿಯನ್ನು ಬಿಡತಕ್ಕದ್ದು ಎಂದಿತು. ಇಗರ್ಜಿಯ ಧರ್ಮವಿಚಾರಣಾ ಮಂಡಳಿಯಾದ ಇನ್‌ಕ್ವಿಸಿಷನ್ 1736ರಲ್ಲಿ ಹೊರಡಿಸಿದ ಆಜ್ಞಾಪತ್ರ ಮದುವೆಮನೆಯ ಓವಿಗಳಿಗೂ ನಿಷೇಧ ಹಾಕಿತು. ಅರಿಶಿನ ಹಚ್ಚುವಾಗ ಹೆಂಗಸರು ಹಾಡುವ ಹಾಡು ಕೂಡ ಅಪರಾಧವಾದ ಕಾಲ ಅದು. ಇನ್‌ಕ್ವಿಸಿಷನ್ನಿನ ಭಯ, ಕಂದಾಯದ ಹೊರೆ, ಬರ, ಮರಾಠರ ದಾಳಿ, ಇವುಗಳಿಂದ ತಪ್ಪಿಸಿಕೊಂಡು ಸಾಷ್ಟಿ, ಬಾರ್ದೇಸಗಳ ಕ್ರೈಸ್ತ ಕುಟುಂಬಗಳು ದಕ್ಷಿಣದ ಕನ್ನಡ ಕರಾವಳಿಗೆ ಬರತೊಡಗಿದವು. ಕೆಳದಿ ಅರಸರು ಅವರಿಗೆ ನೆಲ ಕೊಟ್ಟರು. ಬಂದವರು ಬಟ್ಟೆಗಂಟಿನ ಜತೆಗೆ ಹಾಡನ್ನೂ ಹೊತ್ತು ತಂದರು. ಕ್ರಿಸ್ತಪುರಾಣದ ಹಳೆಯ ಅಚ್ಚಿನ ಒಂದು ಪ್ರತಿಯೂ ಇಂದು ಸಿಕ್ಕಿಲ್ಲ. ಅದು ಉಳಿದದ್ದು ಕೈಬರಹದ ಪ್ರತಿಗಳಲ್ಲಿ. ಜೋಸೆಫ್ ಎಲ್. ಸಲ್ಡಾನ್ಹಾ ಅಂಥ ಪ್ರತಿಗಳನ್ನು ಕೂಡಿಸಿ 1907ರಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸಿದ್ದು ನಮ್ಮ ಮಂಗಳೂರಿನಲ್ಲಿ. ಗೋವೆ ಕಳೆದುಕೊಂಡದ್ದನ್ನು ಕನ್ನಡ ಕರಾವಳಿ ಕಾಪಾಡಿಕೊಟ್ಟಿತು.

ಕಾಣಕೋಣ ಪೋರ್ಚುಗೀಸರಿಗೆ ಸಿಕ್ಕ ಬಗೆಯೇ ಬೇರೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಸೋದೆಯ ಸರದಿ ಬಂತು. ಸೋದೆಯ ಅರಸ ಇಮ್ಮಡಿ ಸದಾಶಿವ ರಾಜ್ಯ ಬಿಟ್ಟು ಗೋವೆಯ ಆಶ್ರಯ ಬೇಡಿದ. ಅವನ ಘಟ್ಟದ ಕೆಳಗಿನ ನೆಲ, ಕಾಬೊ ದಿ ರಾಮ ಕೋಟೆಯೂ ಸೇರಿ, ಪೋರ್ಚುಗೀಸರ ಕೈಸೇರಿತು. 1791ರ ಒಪ್ಪಂದ ಅದನ್ನು ಕಾಗದದ ಮೇಲೆ ಗಟ್ಟಿ ಮಾಡಿತು. ಇಂಥ ಸೀಮೆಗಳನ್ನು ಅವರು ಹೊಸ ಗೆಲುವಿನ ನೆಲ ಎಂದು ಕರೆದರು. ಸಾಷ್ಟಿಯಲ್ಲಿ ಮಾಡಿದ್ದನ್ನು ಇಲ್ಲಿ ಮಾಡಲಿಲ್ಲ, ಜನರ ಧರ್ಮ, ರೂಢಿಗಳಿಗೆ ಕೈಹಾಕುವುದಿಲ್ಲವೆಂದು ಮಾತು ಕೊಟ್ಟರು. ಹೀಗಾಗಿ ಶ್ರೀಸ್ಥಳದ ಮಲ್ಲಿಕಾರ್ಜುನ ಗುಡಿಯೂ ಪರ್ತಗಾಳಿಯ ಜೀವೋತ್ತಮ ಮಠವೂ ತಮ್ಮ ಜಾಗದಲ್ಲೇ ಉಳಿದವು. ಚಾವಡಿಯಲ್ಲಿ ಸಂತ ತೆರೇಸಾ ಇಗರ್ಜಿ, ಕಾಬೊ ದಿ ರಾಮದ ಕೋಟೆಯೊಳಗೆ ಸಂತ ಅಂತೋಣಿಯ ಇಗರ್ಜಿ ಅವುಗಳ ನೆರೆಯಲ್ಲಿ ಬಾಳಿದವು. ಗುಡಿಯ ಆರತಿಯ ಜಾಗಟೆ, ಇಗರ್ಜಿಯ ಗಂಟೆ ಒಂದೇ ಗಾಳಿಯಲ್ಲಿ ಕೇಳುವ ಊರುಗಳಿವು.

ಇಲ್ಲಿ ಕಥೆಗೆ ಮೆಸ್ತ್ರೆ ಬರುತ್ತಾನೆ. ಇಗರ್ಜಿಯ ಹಾಡಿನ ಮೇಷ್ಟ್ರು. 1835ರ ಹೊತ್ತಿಗೆ ಪೋರ್ಚುಗಲ್ ಸರ್ಕಾರ ಸನ್ಯಾಸಿ ಸಂಘಗಳನ್ನು ಗೋವೆಯಿಂದಲೂ ತೆಗೆದುಹಾಕಿದಾಗ ದೊಡ್ಡ ದೊಡ್ಡ ಮಠಗಳು ಬರಿದಾದವು. ಊರಿನ ಇಗರ್ಜಿ ಊರಿನ ಪಾದ್ರಿಯ ಮತ್ತು ಮೆಸ್ತ್ರೆಯ ಹೆಗಲ ಮೇಲೆ ನಿಂತಿತು. ಮೆಸ್ತ್ರೆಯ ಸಂಬಳ ಅಲ್ಪ. ಬೆಳಗಿನ ಪೂಜೆಗೆ ಹಾಡಬೇಕು, ಸತ್ತವರ ಮನೆಗೆ ಹೋಗಬೇಕು, ಹಬ್ಬಕ್ಕೆ ಹೊಸ ರಚನೆ ಕೂರಿಸಬೇಕು, ಸಂಜೆ ಹುಡುಗರನ್ನು ಸಾಲಾಗಿ ಕೂರಿಸಿ ದೊ ರೆ ಮಿ ಹೇಳಿಸಬೇಕು. ಕೈಯಿಂದ ತಾಳ ಕುಟ್ಟುತ್ತ ಸ್ವರ ಓದುವುದು ಮೊದಲು. ಅದು ಪಕ್ಕಾ ಆದ ಮೇಲೆ ಪಿಟೀಲು. ನಮ್ಮಲ್ಲಿ ಸರಳೆ, ಜಂಟಿ ವರಸೆ ಮುಗಿಯದೆ ಕೃತಿಗೆ ಕೈಹಾಕದಂತೆ. ಓದಿದ್ದು ಕಡಿಮೆಯಿದ್ದ, ಹೊಲ ಗದ್ದೆ ಇಲ್ಲದ ಮನೆಗಳ ಹುಡುಗರಿಗೆ ಯುರೋಪಿನ ಸ್ವರಲಿಪಿ ಓದಲು ಬರುತ್ತಿತ್ತು. ಈ ಒಂದು ವಿದ್ಯೆ ಮುಂದೆ ಎಲ್ಲೆಲ್ಲಿಗೆ ಹೋಯಿತು ನೋಡಿ: ಮುಂಬಯಿಯ ಸಿನಿಮಾ ವಾದ್ಯಮೇಳಗಳನ್ನು ತುಂಬಿದವರು ಇಂಥ ಶಾಲೆಗಳ ಮಕ್ಕಳೇ. ಆರ್. ಡಿ. ಬರ್ಮನ್, ಪ್ಯಾರೇಲಾಲರಿಗೆ ಪಾಠ ಹೇಳಿದ ಅಂತೋನಿ ಗೊನ್ಸಾಲ್ವಿಸ್ ಮಜೋರ್ಡಾ ಇಗರ್ಜಿಯ ಹಾಡಿನ ಮೇಷ್ಟ್ರ ಮಗ.

ಮೆಸ್ತ್ರೆಯ ಕಾಲದ ಇಗರ್ಜಿಯಲ್ಲಿ ಹಾಡುತ್ತಿದ್ದವರು ಯಾರು? ಹಿಂಬದಿಯ ಅಟ್ಟದ ಮೇಲೆ, ಕೋರ್ ಎಂದು ಕರೆಯುವ ಜಾಗದಲ್ಲಿ, ಬೆರಳೆಣಿಕೆಯ ಗಂಡಸರು. ಕೆಳಗೆ ಮಂಡಿಯೂರಿದ ಜನಕ್ಕೆ ಹಾಡು ಹಿಂದಿನಿಂದ, ಮೇಲಿನಿಂದ ಬರುತ್ತಿತ್ತು. ಅವರು ಜಪಸರ ಎಣಿಸುತ್ತ ಕೇಳುತ್ತಿದ್ದರು. ತಪಸ್ಸುಕಾಲದಲ್ಲಿ ಮೊತೆತ್ ಎಂಬ ಶೋಕದ ಹಾಡು ಹಾಡುವಾಗ ಎರಡು ಮೂರು ದನಿ, ಒಂದೆರಡು ಪಿಟೀಲು, ಕ್ಲಾರಿನೆಟ್, ದೊಡ್ಡ ಮಂದ್ರದ ರಬೆಕಾಂವ್. ಶಿಲುಬೆ ಹೊತ್ತ ಕ್ರಿಸ್ತನ ವಿಗ್ರಹ ಮೆರವಣಿಗೆಯಲ್ಲಿ ಹೊರಟಾಗ ಮೊತೆತ್ತಿನ ಆ ನಿಧಾನ ನಡೆ ಎದೆಯನ್ನು ಹಿಂಡುವಂಥದ್ದು. ಕೆಲವು ಮೊತೆತ್ ಲ್ಯಾಟಿನ್, ಕೆಲವು ಕೊಂಕಣಿ. ನಿಷೇಧದ ಶತಮಾನ ದಾಟಿದ ಕೊಂಕಣಿ ಇಗರ್ಜಿಯ ಒಳಕ್ಕೆ ಮರಳಿದ್ದು ಶೋಕದ ಬಾಗಿಲಿನಿಂದ.

1903ರ ನವೆಂಬರ್ 22ರಂದು ಹತ್ತನೇ ಪಯಸ್ ಪೋಪರು ಇಗರ್ಜಿಯ ಸಂಗೀತದ ಬಗ್ಗೆ ಕಟ್ಟುನಿಟ್ಟಿನ ಆಜ್ಞೆ ಹೊರಡಿಸಿದರು. ಗ್ರೆಗೋರಿಯನ್ ಎಂದು ಕರೆಯುವ ಸಾದಾ ರಾಗವೇ ಮಾದರಿ. ನಾಟಕಶಾಲೆಯ ಧಾಟಿ ಸಲ್ಲದು. ಪಿಯಾನೊ ಬೇಡ, ಡೋಲು ತಮಟೆಯಂಥ ಸದ್ದಿನ ವಾದ್ಯ ಬೇಡ. ಹೆಂಗಸರು ಗಾಯನವೃಂದದಲ್ಲಿ ಇರಕೂಡದು. ಗೋವೆಯ ಹಳ್ಳಿಗಳಲ್ಲಿ ಪಿಟೀಲಂತೂ ಅಟ್ಟದಿಂದ ಇಳಿಯಲಿಲ್ಲ. ಹೆಂಗಸರಿಗೆ ಹಾಕಿದ ಬೇಲಿ ಮಾತ್ರ ಗಟ್ಟಿಯಾಗಿ ಉಳಿಯಿತು. ಕೆಲವು ಊರುಗಳಲ್ಲಿ ಶುಭ ಶುಕ್ರವಾರದ ಮೆರವಣಿಗೆಯಲ್ಲಿ ವೆರೋನಿಕಾ ವೇಷದ ಹುಡುಗಿಯೊಬ್ಬಳು ಪೀಠದ ಮೇಲೆ ನಿಂತು, ಕ್ರಿಸ್ತನ ಮುಖ ಅಚ್ಚಾದ ವಸ್ತ್ರವನ್ನು ನಿಧಾನವಾಗಿ ಬಿಚ್ಚುತ್ತ ಒಬ್ಬಳೇ ಹಾಡುತ್ತಾಳೆ. ಇಡೀ ಊರು ಉಸಿರು ಬಿಗಿಹಿಡಿದು ಕೇಳುವ ಗಳಿಗೆ ಅದು. ಒಳಗೆ ಎಡೆ ಸಿಗದ ದನಿಗೆ ಬೀದಿಯಲ್ಲಿ ಜಾಗ ಸಿಕ್ಕಿತ್ತು.

ಶಿಲುಬೆ ಕಟ್ಟೆಯ ಲದಿನ್‌ಗೂ ಅಷ್ಟೇ. ಪಾದ್ರಿ ಬರಲೇಬೇಕೆಂದಿಲ್ಲ, ಅಟ್ಟವಿಲ್ಲ, ಆಜ್ಞೆ ಅಲ್ಲಿಗೆ ತಲುಪುವುದಿಲ್ಲ. ಮೆಸ್ತ್ರೆ ಇಗರ್ಜಿಯೊಳಗೆ ನಾಲ್ಕು ಜನರಿಗೆ ಕಲಿಸಿದ್ದನ್ನು ಹೊರಗೆ ನಲವತ್ತು ಜನ ಕಿವಿಯಿಂದ ಕಲಿತರು. ಎರಡನೇ ದನಿ ಹುಟ್ಟಿದ್ದು ಮೆಸ್ತ್ರೆಯ ಪಾಠದಲ್ಲಿ, ಬೆಳೆದದ್ದು ಅಂಗಳದಲ್ಲಿ.

ದೇವರ ಮುಂದೆ ಹಾಡಬೇಕಾದವರು ಯಾರೆಂಬ ಪ್ರಶ್ನೆ ಕೆಥೋಲಿಕರದ್ದಷ್ಟೇ ಆಗಿರಲಿಲ್ಲ. ಹದಿನೇಳನೇ ಶತಮಾನದ ಇಂಗ್ಲೆಂಡಿನ ಬ್ಯಾಪ್ಟಿಸ್ಟರಲ್ಲಿ ಸಭೆ ಕೂಡಿ ಹಾಡುವುದು ಸರಿಯೇ ತಪ್ಪೇ ಎಂಬುದೇ ಜಗಳವಾಗಿತ್ತು. ಮನುಷ್ಯ ಕಟ್ಟಿದ ಪದ್ಯವನ್ನು, ನಂಬಿದವರೂ ನಂಬದವರೂ ಒಟ್ಟಾಗಿ ನಿಂತು ದೇವರಿಗೆ ಹಾಡುವುದು ಹೇಗೆ ಎಂದು ಅನೇಕರ ಆಕ್ಷೇಪ. ಲಂಡನ್ನಿನ ಬೆಂಜಮಿನ್ ಕೀಚ್ ತನ್ನ ಸಭೆಯಲ್ಲಿ ಸ್ತೋತ್ರ ಹಾಡುವುದನ್ನು ಮೆಲ್ಲಗೆ ರೂಢಿಗೆ ತಂದ, 1691ರಲ್ಲಿ ಅದನ್ನು ಸಮರ್ಥಿಸಿ ಪುಸ್ತಕ ಬರೆದ. ಒಪ್ಪದವರು ಸಭೆ ಬಿಟ್ಟು ಹೋದರು. ಅದೇ ಪಂಗಡದ ವಿಲಿಯಂ ಕೇರಿ ಮುಂದೆ ಬಂಗಾಳದ ಶ್ರೀರಾಮಪುರಕ್ಕೆ ಬಂದಾಗ, ಅವರ ಮೊದಲ ದೀಕ್ಷಿತ, ಬಡಗಿ ಕೃಷ್ಣ ಪಾಲ್, ಬಂಗಾಳಿಯಲ್ಲಿ ಸ್ತೋತ್ರ ಕಟ್ಟತೊಡಗಿದ. ಬ್ಯಾಪ್ಟಿಸ್ಟರ ಆ ಶ್ರೀರಾಮಪುರದ ಅಚ್ಚುಮನೆಯಿಂದಲೇ 1817ರಲ್ಲಿ ಕೇರಿಯ ಕನ್ನಡ ವ್ಯಾಕರಣ ಬಂತು, ಮುಂದೆ ಕೊಂಕಣಿಯ ಮತ್ತು ಕನ್ನಡದ ಹೊಸ ಒಡಂಬಡಿಕೆಗಳೂ ಬಂದವು.

ಪೋರ್ಚುಗೀಸ್ ಗೋವೆಯಲ್ಲಿ ಇಂಥ ಮಿಷನ್ನುಗಳಿಗೆ ನೆಲೆ ಸಿಗಲಿಲ್ಲ. ಗಡಿಯ ಈಚೆಗೆ, ನಮ್ಮ ಕಡೆ, 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳವರೆಗೆ ಹರಡಿತು. ಅವರ ಸಭೆಯಲ್ಲಿ ಅಟ್ಟದವರು ಹಾಡಿ ಕೆಳಗಿನವರು ಕೇಳುವ ಪದ್ಧತಿಯೇ ಇಲ್ಲ. ಗಂಡಸರು, ಹೆಂಗಸರು, ಹೆಂಚಿನ ಕಾರ್ಖಾನೆಯ ಆಳುಗಳು, ಎಲ್ಲರೂ ಪುಸ್ತಕ ಹಿಡಿದು ಹಾಡಬೇಕು. ಮಾತು ಕನ್ನಡ, ಧಾಟಿ ಜರ್ಮನಿಯದು. ಕನ್ನಡದ ಹ್ರಸ್ವ ದೀರ್ಘಗಳು ಆ ಧಾಟಿಯಲ್ಲಿ ಎಷ್ಟೋ ಸಲ ಉಸಿರುಗಟ್ಟಿದವು. ಅದನ್ನು ಕಿವಿಯಿಂದ ಕಂಡುಕೊಂಡವರು ಅದೇ ಮಿಷನ್ನಿನ ಫರ್ಡಿನೆಂಡ್ ಕಿಟ್ಟೆಲ್. 1862ರ ಅವರ ಕಥಾಮಾಲೆ ಕ್ರಿಸ್ತನ ಕಥೆಯನ್ನು ಈ ನೆಲದ ಛಂದಸ್ಸಿನಲ್ಲೇ ಹಾಡಿಸಲು ಹೊರಟ ಪುಸ್ತಕ. ಸ್ಟೀಫನ್ಸ್ ಗೋವೆಯಲ್ಲಿ ಮಾಡಿದ್ದನ್ನು ಎರಡೂವರೆ ಶತಮಾನದ ಬಳಿಕ ಕಿಟ್ಟೆಲ್ ಕನ್ನಡದಲ್ಲಿ ಮಾಡಿದರು. ನಿಘಂಟಿನ ಕಿಟ್ಟೆಲರನ್ನು ನಾವು ಪೂಜಿಸುತ್ತೇವೆ, ಹಾಡಿನ ಕಿಟ್ಟೆಲರನ್ನು ಮರೆತಿದ್ದೇವೆ. ಇದು ನನ್ನ ಮನಸ್ಸಿಗೆ ನೋವಿನ ಸಂಗತಿ.

ಕಾಣಕೋಣಕ್ಕೆ ಮರಳೋಣ. 1961ರ ಡಿಸೆಂಬರ್ 19ರಂದು ಗೋವೆ ಪೋರ್ಚುಗೀಸರಿಂದ ಬಿಡುಗಡೆಯಾಯಿತು. 1963ರ ಡಿಸೆಂಬರ್ 4ರಂದು ರೋಮಿನಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಆರಾಧನೆಯ ಸಂವಿಧಾನಕ್ಕೆ ಒಪ್ಪಿಗೆ ಕೊಟ್ಟಿತು. ಜನರ ನುಡಿಗೆ ಪೂಜೆಯಲ್ಲಿ ಜಾಗ, ಜನರೇ ಹಾಡಬೇಕೆಂಬ ಒತ್ತಾಸೆ, ಆಯಾ ನಾಡಿನ ಸಂಗೀತ ಪರಂಪರೆಗೆ ತಕ್ಕ ಗೌರವ. ಎರಡು ವರ್ಷದೊಳಗೆ ಎರಡು ದೊಡ್ಡ ಬದಲಾವಣೆ. ಕಚೇರಿಯಿಂದ ಪೋರ್ಚುಗೀಸ್ ಹೋಯಿತು, ಅದರ ಬೆನ್ನಲ್ಲೇ ಪೀಠದಿಂದ ಲ್ಯಾಟಿನ್ ಹೋಗತೊಡಗಿತು. ಪಾದ್ರಿ ಜನರ ಕಡೆ ಮುಖ ಮಾಡಿ ನಿಂತರು. ಹುಟ್ಟಿದಾಗಿನಿಂದ ಗುರುಗಳ ಬೆನ್ನು ನೋಡಿ ಕೈಮುಗಿದಿದ್ದ ಅಜ್ಜಿಯರಿಗೆ, ಅಡುಗೆಮನೆಯಲ್ಲಿ ಆಡುವ ಮಾತೇ ಪೀಠದಿಂದ ಕೇಳಿಬಂತು.

ಕೂಡಲೇ ಎದುರಾದ ಕಷ್ಟ ಹಾಡಿನದು. ಕೊಂಕಣಿ ಪೂಜೆಗೆ ಕೊಂಕಣಿ ಹಾಡು ಬೇಕು, ಅದೂ ಎಲ್ಲರ ಬಾಯಿಗೆ ಬರುವಂಥದ್ದು. ಜೆಸ್ವಿಟ್ ಗುರು ವಾಸ್ಕೊ ದು ರೇಗು ಮತ್ತವರ ಜತೆಯವರು ಹಾಡುಗಳನ್ನು ಬರೆದು, ರಾಗ ಹಾಕಿ, ಕಲಿಸಿ ತಿರುಗಿದರು. ಗಾಯನಾಂಚೊ ಝೆಲೊ, ಅಂದರೆ ಹಾಡುಗಳ ಹೂಮಾಲೆ, ಗೋವೆಯ ಇಗರ್ಜಿಗಳ ಕೈಪುಸ್ತಕವಾಯಿತು. ಅಲ್ಲಿ ಅದು ರೋಮನ್ ಲಿಪಿಯಲ್ಲಿ. ಮಂಗಳೂರು ಕಡೆಯ ಕೊಂಕಣಿ ಗೀತಪುಸ್ತಕಗಳು ಕನ್ನಡ ಲಿಪಿಯಲ್ಲಿ. ಒಂದೇ ನುಡಿಯ ಜನ, ಒಂದೇ ಪೂಜೆ, ಕಣ್ಣಿಗೆ ಮಾತ್ರ ಬೇರೆ ಬೇರೆ ಅಕ್ಷರ.

ಘುಮಟವೂ ಆಗ ಒಳಗೆ ಬಂತು. ಎರಡು ಕಡೆ ಬಾಯಿರುವ ಮಣ್ಣಿನ ಮಡಕೆ, ದೊಡ್ಡ ಬಾಯಿಗೆ ಉಡದ ಚರ್ಮ. ಚೌತಿಯ ಆರತಿಗೂ ಅದೇ, ಕ್ರೈಸ್ತರ ಮದುವೆಯ ಮಾಂಡೊ ಹಾಡಿಗೂ ಅದೇ. ಇಗರ್ಜಿಯ ಹೊಸ್ತಿಲ ಹೊರಗೇ ನಿಂತಿದ್ದ ಆ ಮಡಕೆಯ ಗುಂಯ್ ಎನ್ನುವ ನಾದ ಕೊಂಕಣಿ ಪೂಜೆಯಲ್ಲಿ ಕೇಳಿದಾಗ ಕೆಲವರು ಮುಖ ಸಿಂಡರಿಸಿದರು, ಕೆಲವರ ಕಣ್ಣು ತುಂಬಿತು. 1972ರ ವನ್ಯಜೀವಿ ಕಾಯ್ದೆ ಉಡಕ್ಕೆ ರಕ್ಷಣೆ ಕೊಟ್ಟ ಮೇಲೆ ಆಡಿನ ಚರ್ಮ ಬಂದಿದೆ. ನಾದ ಸ್ವಲ್ಪ ಬದಲಾಗಿದೆ ಎಂದು ಹಳಬರು ಹೇಳುವುದುಂಟು. 2019ರಲ್ಲಿ ಗೋವೆ ಸರ್ಕಾರ ಘುಮಟವನ್ನು ರಾಜ್ಯದ ಪಾರಂಪರಿಕ ವಾದ್ಯವೆಂದು ಘೋಷಿಸಿತು.

ಎಪ್ಪತ್ತರ ದಶಕದಿಂದ ಇನ್ನೊಂದು ಅಲೆ. 1967ರಲ್ಲಿ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಶುರುವಾದ ಕೆಥೋಲಿಕ್ ಕರಿಸ್ಮ್ಯಾಟಿಕ್ ಚಳವಳಿ ಇಲ್ಲಿಗೂ ಬಂತು. ಪ್ರಾಟೆಸ್ಟೆಂಟರ, ಪೆಂಟಕೋಸ್ಟರ ಸಭೆಗಳ ಸ್ತುತಿಗೀತೆ, ಗಿಟಾರು, ಚಪ್ಪಾಳೆ, ಮೇಲೆತ್ತಿದ ಕೈ ಕೆಥೋಲಿಕರ ಪ್ರಾರ್ಥನಾಕೂಟಕ್ಕೂ ಸೇರಿದವು. ಅಮೆರಿಕದ ಬ್ಯಾಪ್ಟಿಸ್ಟ್ ಸಭೆಗಳಲ್ಲಿ ಆರ್ಗನ್ ಬೇಕೋ ಡ್ರಮ್ ಬೇಕೋ ಎಂದು ಮನೆಮನೆಯಲ್ಲಿ ವಾದ ನಡೆದ ಕಾಲಕ್ಕೇ ಅದರ ಸಣ್ಣ ರೂಪ ಈ ಕಡಲದಂಡೆಯ ಊರುಗಳಲ್ಲೂ ನಡೆಯಿತು. ಪಿಟೀಲಿನ ಜಾಗಕ್ಕೆ ಕೀಬೋರ್ಡ್ ಬಂತು. ಗುಂಡಿ ಒತ್ತಿದರೆ ತಾಳ ತಾನೇ ನಡೆಯುತ್ತದೆ, ಅದಕ್ಕೆ ಜನ ಕಾಲು ಹಾಕಬೇಕು. ಮೆಸ್ತ್ರೆ ಇದ್ದಾಗ ಜನರ ಉಸಿರು ನೋಡಿ ಅವನು ಕಮಾನು ತಡೆಯುತ್ತಿದ್ದ.

ನಷ್ಟವನ್ನು ಹೇಳುವಾಗ ಗಳಿಕೆಯನ್ನೂ ಹೇಳದಿದ್ದರೆ ಅನ್ಯಾಯ. ಈಗ ಗಾಯನವೃಂದದಲ್ಲಿ ಹೆಣ್ಣುಮಕ್ಕಳದೇ ಮುಂದಾಳು ದನಿ. ಅಟ್ಟ ಬಿಟ್ಟು ಕೆಳಗೆ, ಜನರ ನಡುವೆ ನಿಂತು ಹಾಡುತ್ತಾರೆ. 1903ರಲ್ಲಿ ಹೊರಗಿಟ್ಟ ದನಿಯೇ ಇಂದು ಇಗರ್ಜಿಯನ್ನು ತುಂಬಿದೆ. ಆದರೆ ಸ್ವರ ಓದಿಸುತ್ತಿದ್ದ ಸಂಜೆ ಶಾಲೆಗಳು ತೆಳುವಾಗಿವೆ, ಮೊತೆತ್ತಿನ ರಬೆಕಾಂವ್ ನುಡಿಸಬಲ್ಲವರನ್ನು ಹುಡುಕಿ ಕರೆತರಬೇಕಾಗಿದೆ. ಹಾಡುವವರು ಹೆಚ್ಚಿದರು, ಕಲಿಸುವವರು ಕಡಿಮೆಯಾದರು.

ಲದಿನ್ ಮಾತ್ರ ಯಾವ ಅಲೆಗೂ ಕೊಚ್ಚಿಹೋಗಲಿಲ್ಲ. ಇಗರ್ಜಿ ಲ್ಯಾಟಿನ್ ಬಿಟ್ಟಾಗ ಶಿಲುಬೆ ಕಟ್ಟೆಯ ಜನ ಬಿಡಲಿಲ್ಲ, ಯಾರೂ ಅವರಿಗೆ ಬಿಡಿ ಎನ್ನಲೂ ಇಲ್ಲ. ಅರ್ಥ ತಿಳಿಯದ ಮಾತನ್ನು ಇಷ್ಟು ಪ್ರೀತಿಯಿಂದ ಯಾಕೆ ಹಿಡಿದುಕೊಂಡಿದ್ದಾರೆ ಎಂದು ಕೇಳುವವರು ನಮ್ಮ ಮನೆಗಳಲ್ಲಿ ಅಜ್ಜಿ ಹೇಳುವ ಸಹಸ್ರನಾಮವನ್ನು ನೆನೆಯಲಿ. ಲದಿನ್ ಅವರಿಗೆ ತಾಯಿಯ ಬಾಯಿಂದ ಬಂದದ್ದು.

ಈಗ ಕೆಲವು ಕಡೆ ಪಿಟೀಲಿನವರು ಸಿಗದೆ ಗಿಟಾರಿನಲ್ಲೇ ಸ್ವರ ಹಿಡಿಯುತ್ತಾರೆ. ಪದಗಳು ಮೊಬೈಲ್ ಪರದೆಯಲ್ಲಿರುತ್ತವೆ. ಹಿರಿಯರು ಮೊದಲ ಹೆಸರನ್ನು ಎತ್ತುತ್ತಾರೆ, ಜನ ಮೊರೆ ಸೇರಿಸುತ್ತಾರೆ. ನಾಲ್ಕನೆಯ ಹೆಸರಿಗೆ ಹಿಂದಿನ ಸಾಲಿನಲ್ಲಿ, ತಾಯಿಯ ಸೆರಗಿನ ಮರೆಯಲ್ಲಿ ನಿಂತ ಹುಡುಗಿಯೊಬ್ಬಳು ಮೂರು ಸ್ವರ ಮೇಲಕ್ಕೆ ಹೋಗುತ್ತಾಳೆ, ಪಕ್ಕದವರು ತಿರುಗಿ ನೋಡದೆ ಅವಳಿಗೆ ದಾರಿ ಬಿಡುತ್ತಾರೆ.